“ಅದಕ್ಕ ಕೇಳಾಕತ್ತೀನ್ರಿ ಮೇಡಮ್”

ಈ ಸೋಮವಾರ ನಮ್ಮ ಆಫೀಸ್ ಲಾಬೀಲಿ ನಡೆದಿದ್ದು, ಇನ್ನೂ ತಲೇಲೇ ಓಡ್ತಿದೆ. ತಿಂಗಳಿಗೊಂದ್ಸಲ “ಟೇಲ್‌ಗೇಟಿಂಗ್ ಮಾಡ್ಬೇಡಿ, ಒಬ್ರ ಹಿಂದೆ ಒಬ್ರು ನುಗ್ಬೇಡಿ” ಅಂತ ಎಲ್ರಿಗೂ ಮೇಲ್ ಕಳ್ಸೋ ಅಡ್ಮಿನ್ ಮೇಡಮ್ಮು ಫೋನಲ್ಲಿ ಮಾತಾಡ್ತಾ ಮುಂದಿನವ್ರ ಬೆನ್ನಿಗೇ ಸೇರ್ಕೊಂಡು ಗೇಟ್ ದಾಟಿಬಿಟ್ರು. ಸಿಂಧನೂರು ಕಡೆಯ ಗಾರ್ಡ್ ಅಡ್ಡ ನಿಂತು “ಮೇಡಮ್, ಕಾರ್ಡ್ ಹಚ್ರಿ” ಅಂದ.

“ನಾನ್ಯಾರು ಗೊತ್ತಿಲ್ವಾ? ಆ ಮೇಲ್ ಕಳ್ಸೋದೇ ನಾನು!”

“ಅದಕ್ಕ ಕೇಳಾಕತ್ತೀನ್ರಿ ಮೇಡಮ್.”

ದನಿ ಏರಿಸ್ಲಿಲ್ಲ, ನಗ್ಲೂ ಇಲ್ಲ. ಕ್ಯೂನಲ್ಲಿದ್ದ ನಾವೆಲ್ಲ ಫೋನ್ ನೋಡೋ ನಾಟಕ. ಮೇಡಮ್ ಕಾರ್ಡು ಕಾರಲ್ಲಿತ್ತು, ರಿಜಿಸ್ಟರಲ್ಲಿ ಸೈನ್ ಹಾಕ್ಸಿ ಟೆಂಪರರಿ ಪಾಸ್ ಕೊಟ್ಟ. ಕೆಟ್ಟವ್ರಲ್ಲ ಅವ್ರು, ಆದ್ರೆ ರೂಲ್ಸ್ ಅನ್ನೋದು ಬೇರೆಯವ್ರಿಗೆ ಅಂತ ನಂಬಿರೋ ಜಾತಿ.

ಸ್ವೈಪ್ ಅಂದ್ರೆ ಬರೀ ಅಟೆಂಡೆನ್ಸ್ ಅಂದ್ಕೊಂಡಿದೀವಿ. ಬೆಂಕಿ ಬಿದ್ರೆ ಅಲಾರಂ ಹೊಡೆದು ಗೇಟೆಲ್ಲ ತಾನಾಗೇ ತೆರ್ಕೊಳತ್ತೆ, ಆದ್ರೆ ಒಳಗೆ ಯಾರ್ಯಾರಿದ್ರು ಅಂತ ಲಿಸ್ಟ್ ತೆಗೆಯೋದು ಈ ಸ್ವೈಪಿಂದ್ಲೇ, ಸುಮ್ನೆ ನುಗ್ಗಿದವ್ರ ಹೆಸ್ರು ಅದ್ರಲ್ಲಿ ಇರಲ್ಲ, ಯಾರೂ ಹುಡುಕೋದೂ ಇಲ್ಲ. ಇನ್ನು ಕಾರ್ಡೇ ದೊಡ್ಡ ಭದ್ರತೆ ಅಂತಾನೂ ಅಲ್ಲ, ಹಳೇ 125 ಕಿಲೋಹರ್ಟ್ಸ್ ಪ್ರಾಕ್ಸಿಮಿಟಿ ಕಾರ್ಡನ್ನ (ಮೆಷಿನ್ ಹತ್ರ ಹಿಡಿದ್ರೆ ಸಾಕು, ಗೇಟ್ ತೆರ್ಕೊಳೋ ಕಾರ್ಡು) ಕೈಲಿ ಹಿಡಿಯೋ ಅಗ್ಗದ ಮೆಷಿನ್ನಲ್ಲೇ ಸೆಕೆಂಡುಗಳಲ್ಲಿ ಕಾಪಿ ಮಾಡ್ಬೋದು. ಮೆಷಿನ್ ಕಾರ್ಡ್ ನೋಡತ್ತೆ, ಮುಖ ನೋಡೋದು ಗಾರ್ಡೇ.

ಆದ್ರೆ ಯಾರ ಮುಖ ನೋಡ್ಬೇಕು ಅಂತ ನಾವು ಅವ್ರಿಗೆ ಕಲ್ಸಿರೋದೇ ಬೇರೆ. ಡೆಲಿವರಿ ಹುಡ್ಗನ್ನ ಗೇಟಾಚೆನೇ ನಿಲ್ಸು, ಹೌಸ್‌ಕೀಪಿಂಗ್ ಅಕ್ಕಂದಿರ ಊಟದ ಡಬ್ಬಿನೂ ಬಿಚ್ಚಿ ನೋಡು, ಬ್ಲೇಜರ್ ಹಾಕಿ ಇಂಗ್ಲಿಷಲ್ಲಿ ಮಾತಾಡ್ತಾ ಬಂದ್ರೆ ಸಲ್ಯೂಟ್ ಹೊಡಿ. ಸೆಕ್ಯುರಿಟಿ ಟೆಸ್ಟ್ ಮಾಡೋಕೆ ಬರೋ ಪರಿಣತರು ಒಳಗೆ ನುಗ್ಗೋದು ಹೀಗೇನೇ, ಎರಡೂ ಕೈಲಿ ಡಬ್ಬ ಹಿಡ್ಕೊಂಡು ಬಂದ್ರೆ ನಮ್ಮವ್ರೇ ಬಾಗ್ಲು ತೆಗೆದು “ಬನ್ನಿ ಬನ್ನಿ” ಅಂತಾರೆ. 2005ರಲ್ಲೇ ಖಾಸಗಿ ಭದ್ರತಾ ಏಜೆನ್ಸಿಗಳಿಗೆ ಅಂತ ಕಾಯ್ದೆ ಬಂತು, ಗಾರ್ಡ್‌ಗಳಿಗೆ ಟ್ರೈನಿಂಗ್ ಕಡ್ಡಾಯ. ನಮಗೆ?

ಬುಧವಾರದಿಂದ ಆ ಸಿಂಧನೂರಿನ ಗಾರ್ಡ್ ಬೇಸ್‌ಮೆಂಟ್ ಪಾರ್ಕಿಂಗಲ್ಲಿದಾನೆ. ಕೇಳಿದ್ರೆ “ರೊಟೇಶನ್” ಅಂದ್ರು. ಇರ್ಬೋದು. ಲಾಬಿಗೆ ಹಾಕಿರೋ ಹೊಸಬ ಮಾತ್ರ ಬಹಳ ಒಳ್ಳೆಯವ್ನು ಅಂತ ಎಲ್ರೂ ಹೊಗಳ್ತಿದಾರೆ, ಯಾರನ್ನೂ ಏನೂ ಕೇಳಲ್ವಂತೆ.