ಟೋಸ್ಕಾ ಚಾಕು ಕಂಡ ಕ್ಷಣ

ನನಗೆ ಒಪೆರಾದ, ಅಂದರೆ ಪಾಶ್ಚಾತ್ಯ ಸಂಗೀತನಾಟಕದ, ಹುಚ್ಚು ಹತ್ತಿದ್ದು ಎತ್ತರದ ಸ್ವರಗಳಿಂದ. ಇಟಲಿಯ ಸಂಗೀತ ರಚನೆಕಾರ ದೊನಿಜೆಟ್ಟಿಯ ಒಂದು ಹಾಸ್ಯ ಒಪೆರಾದಲ್ಲಿ ಟೆನರ್ (ಎತ್ತರದ ಗಂಡುದನಿಯ) ಗಾಯಕ ಒಂದೇ ಹಾಡಿನೊಳಗೆ ಒಂಬತ್ತು ಸಲ ‘ಹೈ ಸಿ’ ಎಂಬ ತೀರಾ ಎತ್ತರದ ಸ್ವರವನ್ನು ಮುಟ್ಟಬೇಕು. 2007ರಲ್ಲಿ ಮಿಲಾನಿನ ಲಾ ಸ್ಕಾಲಾದಲ್ಲಿ ಪೆರುವಿನ ಹುವಾನ್ ದಿಯೆಗೊ ಫ್ಲೋರೆಜ್ ಅದನ್ನು ಹಾಡಿ ಮುಗಿಸಿದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ಮರುಗಾಯನದ ರೂಢಿಯನ್ನು ದಶಕಗಳ ಹಿಂದೆಯೇ ಕೈಬಿಟ್ಟಿದ್ದ ಆ ರಂಗದಲ್ಲಿ ಅವರು ಅದನ್ನು ಮತ್ತೊಮ್ಮೆ ಹಾಡಿದರು. ಅವರ ಗಾಯನವನ್ನು ನಾನು ಬೆರಳು ಮಡಿಸಿ ಎಣಿಸುತ್ತಾ ಕೇಳಿದವನು. ಇಂಥ ಕಿವಿಗೆ ಇಪ್ಪತ್ತನೆಯ ಶತಮಾನದ ಹೆಸರಾಂತ ಒಪೆರಾ ಗಾಯಕಿ ಮರಿಯಾ ಕಲಾಸ್ ರುಚಿಸದಿದ್ದುದರಲ್ಲಿ ಆಶ್ಚರ್ಯವಿಲ್ಲ. ಅವರ ಕೊನೆಯ ವರ್ಷಗಳ ಧ್ವನಿಮುದ್ರಿಕೆಯೊಂದರಲ್ಲಿ ಮೇಲಿನ ಸ್ವರ ಅಲುಗಿದ್ದನ್ನು ಕೇಳಿ, ಹೊಗಳುವವರಿಗೆಲ್ಲ ಕಿವಿ ಕೆಟ್ಟಿದೆಯೆಂದು ತೀರ್ಮಾನಿಸಿ ಅವರನ್ನು ಬದಿಗಿಟ್ಟಿದ್ದೆ.

ಒಂದು ಭಾನುವಾರ ರಾತ್ರಿ ಪುಚೀನಿ ರಚಿಸಿದ ‘ಟೋಸ್ಕಾ’ ಒಪೆರಾದ ಎರಡನೆಯ ಅಂಕದಲ್ಲಿ ಬರುವ ‘ವಿಸ್ಸಿ ದಾರ್ತೆ’ ಹಾಡನ್ನು ಬೇರೆಬೇರೆ ಸೊಪ್ರಾನೊಗಳ (ಎತ್ತರದ ಹೆಣ್ಣುದನಿಯ ಗಾಯಕಿಯರ) ಕಂಠದಲ್ಲಿ ಹುಡುಕಿ ಕೇಳುತ್ತಿದ್ದೆ. ಹಾಡಿನ ಶಿಖರದಲ್ಲಿ ಬರುವ ಬಿ ಫ್ಲಾಟ್ ಸ್ವರ ಯಾರಲ್ಲಿ ಎಷ್ಟು ಸ್ಥಿರವಾಗಿದೆಯೆಂದು ನೋಟ್‌ಪುಸ್ತಕದಲ್ಲಿ ಅಂಕವನ್ನೂ ಹಾಕುತ್ತಿದ್ದೆ. ಐದನೆಯದಾಗಿ ಸಿಕ್ಕಿದ್ದು ಕಪ್ಪುಬಿಳುಪಿನ ಚಿತ್ರ: 1964ರ ಫೆಬ್ರವರಿ 9ರಂದು ಲಂಡನ್ನಿನ ಕವೆಂಟ್ ಗಾರ್ಡನ್ ಒಪೆರಾ ರಂಗದಲ್ಲಿ ಟೋಸ್ಕಾಳಾಗಿ ಕಲಾಸ್, ಖಳನಾಯಕನಾಗಿ ಟೀಟೊ ಗೊಬ್ಬಿ, ನಿರ್ದೇಶನ ಫ್ರಾಂಕೊ ಜೆಫಿರೆಲ್ಲಿಯದು. ಅದರಲ್ಲಿ ಹಾಡಷ್ಟೇ ಅಲ್ಲದೆ ಇಡೀ ಅಂಕವೇ ಇತ್ತು. ಹಾಡು ಎಲ್ಲಿ ಬರುತ್ತದೆಂದು ಹುಡುಕುವ ಸೋಮಾರಿತನದಿಂದ ಮೊದಲಿನಿಂದಲೇ ನೋಡತೊಡಗಿದೆ.

ರೋಮಿನ ಪೊಲೀಸ್ ಮುಖ್ಯಸ್ಥ ಸ್ಕಾರ್ಪಿಯ, ಗಾಯಕಿ ಟೋಸ್ಕಾಳ ಪ್ರಿಯಕರನನ್ನು ಪಕ್ಕದ ಕೋಣೆಯಲ್ಲಿ ಹಿಂಸಿಸುತ್ತಾನೆ. ಅವನ ಪ್ರಾಣಕ್ಕೆ ಬದಲಾಗಿ ಅವಳನ್ನೇ ಕೇಳುತ್ತಾನೆ. ಹಾಡು ಬಂತು. ಬಿ ಫ್ಲಾಟ್ ನನ್ನ ನಿರೀಕ್ಷೆಯಂತೆಯೇ ಅಲುಗಿತು. ಅಂಕ ಹಾಕಿದೆ, ಅದೂ ಸ್ವಲ್ಪ ಜುಗ್ಗತನದಿಂದಲೇ. ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು, ಆದರೆ ಚಿತ್ರವನ್ನು ನಿಲ್ಲಿಸಲು ಮರೆತೆ.

ಟೋಸ್ಕಾ ಒಪ್ಪಿದಳೆಂದು ಸ್ಕಾರ್ಪಿಯ, ಪ್ರೇಮಿಗಳು ಊರು ಬಿಡಲು ಬೇಕಾದ ರಹದಾರಿ ಪತ್ರ ಬರೆಯಲು ಕೂರುತ್ತಾನೆ. ಟೋಸ್ಕಾ ಊಟದ ಮೇಜಿನ ಬಳಿಗೆ ಬಂದು ವೈನಿನ ಲೋಟವನ್ನು ಎತ್ತಿಕೊಳ್ಳುತ್ತಾಳೆ. ಆಗ ಅವಳಿಗೆ ಚಾಕು ಕಾಣುತ್ತದೆ. ಇಲ್ಲಿ ಹಾಡುವುದಕ್ಕೆ ಏನೂ ಇಲ್ಲ, ಪಿಟೀಲುಗಳಷ್ಟೇ ತಗ್ಗಿದ ದನಿಯಲ್ಲಿ ಭಾರವಾದ ಒಂದು ಧಾಟಿಯನ್ನು ಎಳೆಯುತ್ತಿರುತ್ತವೆ. ಕಲಾಸ್ ಅಲ್ಲಾಡಲಿಲ್ಲ. ಚಾಕುವಿನ ಮೇಲೆ ಬಿದ್ದ ಕಣ್ಣನ್ನು ಅಲ್ಲಿಂದ ಕೀಳಲಾರದೆ ನಿಂತ ಆ ಹೆಂಗಸು, ಇನ್ನೂ ನಿರ್ಧರಿಸದ ಕೊಲೆಯನ್ನು ಆಗಲೇ ಮಾಡಿ ಮುಗಿಸಿದವಳಂತೆ ಕಂಡಳು. ನಾನು ಆ ಭಾಗವನ್ನು ಹಿಂದಕ್ಕೆ ಸರಿಸಿ ನಾಲ್ಕು ಸಲ ನೋಡಿದೆ.

ಕೊಲೆಯಾದ ಮೇಲೆ ಅವಳು ಹೆಣದತ್ತ ನೋಡಿ, ಇವನ ಮುಂದೆ ಇಡೀ ರೋಮ್ ನಡುಗುತ್ತಿತ್ತು ಎನ್ನುತ್ತಾಳೆ. ಪುಚೀನಿ ಆ ಮಾತಿಗೆ ಕೊಟ್ಟಿರುವುದು ಒಂದೇ ತಗ್ಗು ಸ್ವರದ ಪುನರಾವರ್ತನೆ. ಕಲಾಸ್ ಅದನ್ನು ಹಾಡಿದರೆನ್ನುವುದಕ್ಕಿಂತ ನುಡಿದರೆನ್ನಬೇಕು. ಬಳಿಕ ಹೆಣದ ಎರಡು ಬದಿಗೂ ಮೇಣದ ಬತ್ತಿಗಳನ್ನಿಟ್ಟು, ಎದೆಯ ಮೇಲೆ ಶಿಲುಬೆಯನ್ನಿಟ್ಟು ಹೊರನಡೆಯುತ್ತಾಳೆ. ಎತ್ತರದ ಸ್ವರವನ್ನು ಅಳೆಯುವ ನನ್ನ ನೋಟ್‌ಪುಸ್ತಕದಲ್ಲಿ ಇದಕ್ಕೊಂದು ಕಲಂ ಇರಲಿಲ್ಲ.

ಇಲ್ಲೊಂದು ಮಾತು. ಹೆಡ್‌ಫೋನಿನಲ್ಲಿ ನಮಗೆ ಕೇಳುವ ಕಂಠ ರಂಗಮಂದಿರದಲ್ಲಿ ಕೇಳಿಸಿದ ಕಂಠವಲ್ಲ. ಒಪೆರಾ ಗಾಯಕರು ಮೈಕಿಲ್ಲದೆ ಹಾಡುತ್ತಾರೆ. ವಾದ್ಯವೃಂದದ ಸದ್ದು ಕಡಿಮೆಯಿರುವ ಸುಮಾರು 3000 ಹರ್ಟ್ಜ್ ಆವರ್ತನದ ಆಸುಪಾಸಿನಲ್ಲಿ ಕಂಠಕ್ಕೆ ಹೊಳಪು ಬರುವಂತೆ, ವಿಶೇಷವಾಗಿ ಗಂಡುದನಿಯವರು, ಪಳಗಿರುತ್ತಾರೆ. ಕೊನೆಯ ಸಾಲಿನಲ್ಲಿ ಕೂತವನಿಗೆ ಕಾಣದ ಮುಖ ನನಗೆ ಕಂಡಿದ್ದು ಕ್ಯಾಮೆರಾದ ದಯೆಯಿಂದ. ಅವನು ಕೇಳಿದ ದನಿಯ ಗಾತ್ರ ಮಾತ್ರ ನನಗೆ ದಕ್ಕಲಿಲ್ಲ.

ಮೊದಲು ಕೇಳಿದ ನಾಲ್ವರ ಬಳಿಗೆ ಮರಳಿ, ಈ ಸಲ ಹಾಡನ್ನು ದಾಟಿಸಿ ಚಾಕುವಿನ ಕ್ಷಣವನ್ನಷ್ಟೇ ನೋಡಿದೆ. ಬಿ ಫ್ಲಾಟಿಗೆ ಅತಿ ಹೆಚ್ಚು ಅಂಕ ಪಡೆದಿದ್ದ ಗಾಯಕಿ, ಚಾಕು ಎಲ್ಲಿರುತ್ತದೆಂದು ಮೊದಲೇ ಗೊತ್ತಿದ್ದವರಂತೆ ನೇರವಾಗಿ ಕೈಹಾಕಿದರು. ಅಂಕಗಳನ್ನು ಹೊಡೆದುಹಾಕುವ ಹೊತ್ತಿಗೆ ಎರಡು ಗಂಟೆ ದಾಟಿತ್ತು. ಕಲಾಸರ ಮೂರನೆಯ ಅಂಕಕ್ಕಾಗಿ ಮರುದಿನ ಸಂಜೆಯೆಲ್ಲ ಹುಡುಕಿದೆ; ಅದು ಇಲ್ಲ. ಟೆಲಿವಿಷನ್ನಿನವರು ಅಂದು ಚಿತ್ರೀಕರಿಸಿದ್ದು ಎರಡನೆಯ ಅಂಕವನ್ನು ಮಾತ್ರ. 1965ರ ಜುಲೈ 5ರಂದು ಅದೇ ರಂಗದಲ್ಲಿ ಅದೇ ಪಾತ್ರವನ್ನು ಹಾಡಿದ ಕಲಾಸ್, ಆಮೇಲೆ ಒಪೆರಾ ರಂಗಕ್ಕೆ ಮತ್ತೆಂದೂ ಏರಲಿಲ್ಲ.