ಬಿಸಿ ಬಾನೆಟ್ಟಿನ ಮುಂಜಾನೆ

ಮೇ ತಿಂಗಳ ಸೋಮವಾರ, ಮುಂಜಾನೆ ಆರೂವರೆ. ಕಲಬುರಗಿಯಲ್ಲಿ ಆ ಹೊತ್ತಿಗೆ ಗಾಳಿಯಲ್ಲಿ ಒಂಚೂರು ತಂಪು ಉಳಿದಿರುತ್ತದೆ, ಎಂಟಾದರೆ ಅದೂ ಇರುವುದಿಲ್ಲ. ಜೇವರ್ಗಿ ರಸ್ತೆಯ ಒಳಗಿನ ಬಡಾವಣೆಯೊಂದರಲ್ಲಿ ಬೇವಿನ ಮರದ ಕೆಳಗೆ ಬಿಳಿ ಬೆಂಜ್ ಗಾಡಿ ನಿಂತಿತ್ತು. ನಮ್ಮ ಮೆಕ್ಯಾನಿಕ್ ಉಸ್ತಾದ್ ಅದರ ಬಾನೆಟ್ ಮೇಲೆ ಅಂಗೈ ಊರಿದರು. ಊರಿದ ಕೈ ಎತ್ತದೆ ನನ್ನ ಕಡೆ ನೋಡಿದರು.

"ಸಾವ್ಕಾರ್ರೇ, ಗಾಡಿ ಗರಂ ಅದಾರಿ."

ನನ್ನ ಎದೆ ಚುರ್ ಅಂದಿತು. ಮನೆಯಿಂದ ಹೊರಟಾಗಿನಿಂದ ಅವರು ಹೇಳುತ್ತ ಬಂದದ್ದು ಅದೊಂದೇ ಮಾತು. ಹಳೇ ಡೀಸೆಲ್ ಗಾಡಿ ನೋಡಾಕ ಹೋದರೆ ಅದು ತಣ್ಣಗಿರಬೇಕು, ರಾತ್ರಿಯೆಲ್ಲ ನಿಂತಿರಬೇಕು, ಮೊದಲ ಸೆಲ್ಫ್ ನಮ್ಮ ಕಿವಿ ಮುಂದೇ ಬೀಳಬೇಕು. ಗಿರಾಕಿ ಬರುವ ಮೊದಲೇ ಎಂಜಿನ್ ಬಿಸಿ ಮಾಡಿ ಇಟ್ಟವನು ಏನನ್ನೋ ಮುಚ್ಚಿಡುತ್ತಿರುತ್ತಾನೆ.

ನಾನು ನೆಹರು ಗಂಜ್‌ನಲ್ಲಿ ತೊಗರಿ ವ್ಯಾಪಾರ ಮಾಡುವವನು. ಬೆಂಜ್ ಗಾಡಿ ತಗೊಳ್ಳಬೇಕು ಅನ್ನುವುದು ನನ್ನ ಆಸೆ ಆಗಿರಲಿಲ್ಲ. ಅವ್ವನ ಬೆನ್ನು ಎರಡು ವರ್ಷದಿಂದ ಕೈಕೊಟ್ಟಿದೆ, ತಿಂಗಳಿಗೆ ಎರಡು ಸಲ ಹೈದರಾಬಾದಿಗೆ ತೋರಿಸಲು ಹೋಗಬೇಕು. ಹುಮನಾಬಾದ್ ದಾಟಿ, ಜಹೀರಾಬಾದ್ ಮೇಲೆ ಹಾದು ಹೋದರೆ ಒಂದು ದಿಕ್ಕಿಗೆ ಇನ್ನೂರಿಪ್ಪತ್ತು ಕಿಲೋಮೀಟರ್ ಹತ್ತಿರ. ಹಳೆಯ ಗಾಡಿಯಲ್ಲಿ ಮನೆಗೆ ಮರಳಿ ಬಂದ ಮೇಲೆ ಅವ್ವ ಎರಡು ದಿನ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಪರಿಚಯದ ಡಾಕ್ಟರ್ ಒಬ್ಬರ ಜಿಎಲ್‌ಇ ಅನ್ನುವ ಬೆಂಜ್ ಗಾಡಿಯಲ್ಲಿ ಒಮ್ಮೆ ಹೋಗಿ ಬಂದಳು. ಆ ಸಂಜೆ ಅಂಗಳದಲ್ಲಿ ಕೂತು ಸೊಪ್ಪು ಸೋಸಿದಳು. ಅದನ್ನು ನೋಡಿದ ಮೇಲೆ ನನಗೆ ಬೇರೆ ಗಾಡಿ ತಲೆಗೆ ಬರಲಿಲ್ಲ.

ಹೊಸದು ತಗೊಳ್ಳುವ ಮಾತೇ ಇಲ್ಲ. ಮರ್ಸಿಡಿಸ್‌ನವರು ಎಂ-ಕ್ಲಾಸ್ ಅನ್ನುವ ಹೆಸರು ಬಿಟ್ಟು ಜಿಎಲ್‌ಇ ಅಂತ ಈ ಗಾಡಿಯನ್ನು ಭಾರತಕ್ಕೆ ತಂದದ್ದು 2015ರ ಅಕ್ಟೋಬರಿನಲ್ಲಿ. ಆ ಪೀಳಿಗೆಯ ಗಾಡಿಗಳು ಈಗ ನಮ್ಮಂಥವರ ಕೈಗೆಟುಕುವ ಬೆಲೆಗೆ ಇಳಿದಿವೆ. ಬಂದಾಗಲೇ ಡೀಸೆಲ್‌ನಲ್ಲಿ ಎರಡು ಎಂಜಿನ್ ಇದ್ದವು. 250ಡಿ ನಾಲ್ಕು ಸಿಲಿಂಡರಿನದು, 2143 ಸಿಸಿ, 204 ಕುದುರೆ ಶಕ್ತಿ, 500 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಳೆಯುವ ಬಲ. 350ಡಿ ಆರು ಸಿಲಿಂಡರಿನ ವಿ6, 2987 ಸಿಸಿ, 258 ಕುದುರೆ ಶಕ್ತಿ, 620 ನ್ಯೂಟನ್ ಮೀಟರ್. ಗೇರ್‌ಬಾಕ್ಸ್ ಎರಡಕ್ಕೂ ಒಂದೇ, ಒಂಬತ್ತು ಸ್ಪೀಡಿನ ಆಟೋಮ್ಯಾಟಿಕ್. ಎರಡೂ ಎರಡು ಟನ್ ಮೀರಿದ ಗಾಡಿಗಳೇ.

ನನ್ನ ತಮ್ಮನಿಗೆ ವಿ6 ಬೇಕು. "ಅಣ್ಣಾ, ತಗೊಂಡ್ರ ದೊಡ್ಡದೇ ತಗೋ, ಆಮ್ಯಾಲ ಹಳಹಳಿಸ್ಬ್ಯಾಡ" ಅನ್ನುವುದು ಅವನ ವಾದ. ನಾನು 250ಡಿ ಅಂತ ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದೆ. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಎರಡು ಕಡಿಮೆ, ಆಯಿಲ್ ಕಡಿಮೆ, ಡೀಸೆಲ್ ಕಡಿಮೆ. ಗಂಜ್‌ನಲ್ಲಿ ಇಪ್ಪತ್ತೈದು ವರ್ಷ ಕ್ವಿಂಟಲಿಗೆ ಐವತ್ತು ರೂಪಾಯಿ ಲೆಕ್ಕ ಹಾಕುತ್ತ ಬಂದ ತಲೆ ಸಣ್ಣ ಎಂಜಿನ್ ಅಂದರೆ ಸಣ್ಣ ಖರ್ಚು ಅಂತ ತಾನೇ ಬರೆದುಕೊಂಡಿತ್ತು.

ಹೀಗಾಗಿ ಮೊದಲು ನೋಡಿದ್ದೂ 250ಡಿಯನ್ನೇ. ಅದು ಶನಿವಾರ, ರಿಂಗ್ ರೋಡಿನ ಹತ್ತಿರದ ಒಬ್ಬ ವ್ಯಾಪಾರಿಯ ಹತ್ತಿರ. ಗಾಡಿ ಮೂಲದಲ್ಲಿ ದಿಲ್ಲಿಯದು, ಅಲ್ಲಿನ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ, ತಂದು ಇಲ್ಲಿ ಮರುನೋಂದಣಿ ಮಾಡಿಸಿದ್ದು. ದಿಲ್ಲಿ ಸೀಮೆಯಲ್ಲಿ ಡೀಸೆಲ್ ಗಾಡಿಗೆ ಹತ್ತು ವರ್ಷದ ಗಡಿ ಹಾಕಿದ್ದು 2015ರಲ್ಲಿ ಹಸಿರು ನ್ಯಾಯಮಂಡಳಿ, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಟ್ಟಿ ಮಾಡಿತು. ವಯಸ್ಸು ಹತ್ತಿರ ಬಂದಂತೆ ಅಲ್ಲಿನವರು ದೊಡ್ಡ ಡೀಸೆಲ್ ಗಾಡಿಗಳನ್ನು ಸಿಕ್ಕ ಬೆಲೆಗೆ ಬಿಡುತ್ತಿದ್ದರು, ಅವು ದಕ್ಷಿಣಕ್ಕೆ ಹರಿದು ಬರುತ್ತಿದ್ದವು. ದಿಲ್ಲಿಯದು ಅಂದಮಾತ್ರಕ್ಕೆ ಗಾಡಿ ಕೆಟ್ಟದ್ದು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ತಾಡಪತ್ರಿ ಸರಿಸಿದಾಗ ಕಂಡ ಆ ಗಾಡಿಯ ಬಣ್ಣಕ್ಕೆ ಒಂದು ಗೆರೆ ಬಿದ್ದಿರಲಿಲ್ಲ. ಬಾನೆಟ್ ತಣ್ಣಗಿತ್ತು. ಬೆಲೆಯೂ ವಿ6ಗಿಂತ ಮೂರು ಲಕ್ಷ ಕಡಿಮೆ.

ಸೆಲ್ಫ್ ಹೊಡೆದರು. ಮೊದಲ ಎರಡು ಸೆಕೆಂಡ್, ಡಬ್ಬಿಯಲ್ಲಿ ಒಣ ತೊಗರಿ ಹಾಕಿ ಅಲ್ಲಾಡಿಸಿದಂಥ ಸಪ್ಪಳ, ಗರಗರಗರ. ಆಮೇಲೆ ಇಲ್ಲ. ಎಂಜಿನ್ ಸಮನಾಗಿ ಓಡತೊಡಗಿತು. ನಾನು ಅದನ್ನು ಕೇಳಿಸಿಕೊಂಡೇ ಇಲ್ಲ ಅನ್ನಬಹುದು. ಉಸ್ತಾದ್ ಬಂದ್ ಮಾಡಿಸಿ ಬಿಲ್‌ಗಳನ್ನು ಕೇಳಿದರು.

"ತಣ್ಣಗಿದ್ದಾಗ ಎಲ್ಲಾ ಡೀಸೆಲ್ ಹಂಗೇರಿ," ಅಂದ ವ್ಯಾಪಾರಿ.

ಉಸ್ತಾದ್ ಮಾತಾಡಲಿಲ್ಲ, ಬಿಲ್‌ಗಳನ್ನು ಒಂದೊಂದಾಗಿ ನೆಲದ ಮೇಲೆ ಹರಡಿದರು. ಈ ಗಾಡಿಗೆ ವರ್ಷಕ್ಕೊಮ್ಮೆ ಇಲ್ಲವೇ 15,000 ಕಿಲೋಮೀಟರಿಗೊಮ್ಮೆ ಆಯಿಲ್ ಬದಲಿಸಬೇಕು. 41,000ದ ಬಿಲ್ ಇತ್ತು. ಅದರ ಮುಂದಿನದು 68,000. ನಡುವಿನ ಇಪ್ಪತ್ತೇಳು ಸಾವಿರ ಕಿಲೋಮೀಟರಿಗೆ ಒಂದು ಚೀಟಿಯೂ ಇಲ್ಲ. ಊರೊಳಗಿನ ಸಣ್ಣ ಸಣ್ಣ ಓಡಾಟದಲ್ಲಿ ಆಯಿಲ್ ಇನ್ನೂ ಬೇಗ ಹಾಳಾಗುತ್ತದೆ.

ಮರಳಿ ಬರುವಾಗ ಸೂಪರ್ ಮಾರ್ಕೆಟ್ ಹತ್ತಿರ ಚಹಾ ಕುಡಿಯುತ್ತ ಉಸ್ತಾದ್ ಹೇಳಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಆ ಎರಡು ಸೆಕೆಂಡಿನ ಗರಗರ ಟೈಮಿಂಗ್ ಚೈನಿನದು ಇರಬಹುದು, ಎಂಜಿನ್ನಿನ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಚೈನ್ ಅದು. ಎಂಜಿನ್‌ಗಳಲ್ಲಿ ಅದು ಸಾಮಾನ್ಯವಾಗಿ ಮುಂದುಗಡೆ ಇರುತ್ತದೆ. ಈ ನಾಲ್ಕು ಸಿಲಿಂಡರಿನದರಲ್ಲಿ ಅದು ಹಿಂದುಗಡೆ, ಗೇರ್‌ಬಾಕ್ಸ್ ಕಡೆಗೆ. ವಿನ್ಯಾಸವೇನೋ ಒಳ್ಳೆಯದೇ, ಆಯಿಲ್ ಸರಿಯಾಗಿ ಕಂಡ ಗಾಡಿ ಲಕ್ಷಗಟ್ಟಲೆ ಕಿಲೋಮೀಟರ್ ಓಡುತ್ತದೆ. ಚೈನನ್ನು ಬಿಗಿ ಹಿಡಿಯುವ ಟೆನ್ಷನರ್ ಆಯಿಲ್ ಒತ್ತಡದ ಮೇಲೆ ನಿಂತಿರುತ್ತದೆ. ಆಯಿಲ್ ಹಳತಾಗಿ ಕೆಟ್ಟರೆ ಚೈನೂ ಸವೆಯುತ್ತದೆ, ಚೈನ್ ಒರಗುವ ಗೈಡೂ ಸವೆಯುತ್ತದೆ. "ಟೆನ್ಷನರ್ ಒಂದೇ ಹೋಗಿದ್ರ ನಸೀಬು. ಗೈಡ್ ತನಕ ಹೋಗ್ಬೇಕಂದ್ರ ಗೇರ್‌ಬಾಕ್ಸ್ ಬಿಡಿಸ್ಬೇಕು ಸಾವ್ಕಾರ್ರೇ. ಬಿಚ್ಚಲಾರ್ದ ಹೇಳಾಕ ಬರಂಗಿಲ್ಲ. ಬಿಚ್ಚಿದ ಮ್ಯಾಲ ಖರ್ಚು ನಿಮ್ದು."

ಇನ್ನೊಂದು ಮಾತು ಹೇಳಿದರು, ಅದು ನನ್ನ ಲೆಕ್ಕವನ್ನೇ ಬುಡಮೇಲು ಮಾಡಿತು. ಸಣ್ಣ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೋ ಎರಡು, ಕಡಿಮೆ ಸುತ್ತಿನಲ್ಲಿ ಒಂದು ಸಣ್ಣದು, ಮೇಲಿನ ಸುತ್ತಿಗೆ ಇನ್ನೊಂದು ದೊಡ್ಡದು. ದೊಡ್ಡ ಎಂಜಿನ್ನಿಗೆ ಒಂದೇ. ಎರಡು ಟನ್ನಿನ ಗಾಡಿಯನ್ನು ಎರಡು ಲೀಟರ್ ಚಿಲ್ಲರೆ ಎಂಜಿನ್ ಎಳೆಯಬೇಕಾದರೆ ಅಷ್ಟು ಸಾಮಾನು ಬೇಕೇ ಬೇಕು. ಸಿಲಿಂಡರ್ ಎಣಿಸಿ ಖರ್ಚು ಎಣಿಸಿದೆ ಅಂದುಕೊಂಡಿದ್ದೆ ನಾನು.

ಮನೆಗೆ ಬಂದು ರಾತ್ರಿ ಡೀಸೆಲ್ ಲೆಕ್ಕ ಬರೆದೆ. ಹೈದರಾಬಾದಿನ ಎರಡು ಸುತ್ತು ಮತ್ತು ಊರೊಳಗಿನದು ಸೇರಿ ತಿಂಗಳಿಗೆ 1,300 ಕಿಲೋಮೀಟರ್. ಸಣ್ಣದು ಲೀಟರಿಗೆ 12 ಕಿಲೋಮೀಟರ್ ಕೊಟ್ಟು ದೊಡ್ಡದು 10 ಕೊಟ್ಟರೆ ಇಪ್ಪತ್ತೆರಡು ಲೀಟರ್ ವ್ಯತ್ಯಾಸ. ಲೀಟರಿಗೆ 90 ರೂಪಾಯಿ ಹಿಡಿದರೆ ತಿಂಗಳಿಗೆ ಎರಡು ಸಾವಿರದ ಒಳಗೆ. ಥರ್ಡ್ ಪಾರ್ಟಿ ವಿಮೆ 1500 ಸಿಸಿ ದಾಟಿದ ಎಲ್ಲ ಕಾರುಗಳಿಗೂ ಒಂದೇ. ವರ್ಷಕ್ಕೆ ಇಪ್ಪತ್ತನಾಲ್ಕು ಸಾವಿರ ಉಳಿಸಲಿಕ್ಕೆ ಹೋಗಿ ಗೇರ್‌ಬಾಕ್ಸ್ ಇಳಿಸುವ ಕೆಲಸ ಮೈಮೇಲೆ ಎಳೆದುಕೊಳ್ಳುವುದು ನನಗೆ ಸರಿ ಕಾಣಲಿಲ್ಲ. ಅದೇ 250ಡಿಗೆ ಬಿಲ್ ಸರಿ ಇದ್ದಿದ್ದರೆ ನಾನು ಅದನ್ನೇ ತಗೊಳ್ಳುತ್ತಿದ್ದೆ, ಇದನ್ನು ತಮ್ಮನಿಗೂ ಹೇಳಿದ್ದೇನೆ.

ಹೀಗೆ ಸೋಮವಾರ ವಿ6 ನೋಡಲು ಹೋದದ್ದು. ಹೋದರೆ ಬಾನೆಟ್ ಬಿಸಿ.

ಮಾಲೀಕರು ಎಪ್ಪತ್ತರ ಹತ್ತಿರದ ಗೌಡರು, ಹೊಲಮನೆಯವರು. ಉಸ್ತಾದ್ ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಜೋಡಿಸಿದರು. ಎಂಜಿನ್ ತಣಿಸುವ ಕೂಲಂಟ್ ನೀರಿನ ಉಷ್ಣಾಂಶ 74 ಡಿಗ್ರಿ ತೋರಿಸಿತು. ನಾನು ಸುತ್ತಿ ಬಳಸದೆ ಕೇಳಿಬಿಟ್ಟೆ.

"ಕಾಕಾ, ಗಾಡಿ ಈಗ ಚಾಲೂ ಮಾಡಿದ್ರೇನ್ರಿ?"

"ಸೋಮವಾರ ಅಲ್ಲೇನಪಾ. ಅಪ್ಪನ ಗುಡಿಗಿ ಹೋಗಿ ಈಗ ಬಂದೀವಿ. ಯಾಕ, ಏನಾಯ್ತು?"

ಅವರ ಹಣೆಯ ಮೇಲಿನ ವಿಭೂತಿ ಇನ್ನೂ ಹಸಿ ಇತ್ತು. ಒಳಗಿನಿಂದ ಅವರ ಮನೆಯವರು ಶರಣಬಸವೇಶ್ವರ ಗುಡಿಯ ಪ್ರಸಾದದ ಸಕ್ಕರೆ, ಕೊಬ್ಬರಿ ತಂದು ನಮ್ಮ ಮೂವರ ಅಂಗೈಗೂ ಹಾಕಿದರು. ಸುಮ್ಮನೆ ಸಂಶಯಪಟ್ಟೆನಲ್ಲ ಅಂತ ನನಗೆ ಸಂಕಟವಾಯಿತು. ಆದರೂ ಉಸ್ತಾದ್ ಜಗ್ಗಲಿಲ್ಲ. ಬಿಸಿ ಎಂಜಿನ್ ಕೇಳಿ ಗಾಡಿ ತಗೊಳ್ಳುವುದು ನನ್ನಿಂದ ಆಗುವುದಿಲ್ಲ, ನಾಳೆ ಬರುತ್ತೇವೆ ಅಂತ ಕೈಮುಗಿದು ಹೇಳಿದರು. ಗೌಡರು ಬೇಜಾರು ಮಾಡಿಕೊಳ್ಳಲಿಲ್ಲ. ಬದಲಿಗೆ ಒಳಗೆ ಹೋಗಿ ದಪ್ಪನೆಯ ಫೈಲು ತಂದು ಕೊಟ್ಟರು. "ಒಯ್ದು ಓದ್ರಿ. ರಾತ್ರಿ ಪುರಸೊತ್ತು ಇರ್ತದಲ್ಲ."

ಆ ಫೈಲನ್ನು ನಾನು ನಮ್ಮ ಅಡತಿ ಲೆಕ್ಕದ ಪುಸ್ತಕ ಓದುವಂತೆ ಓದಿದೆ. ಪ್ರತಿ ವರ್ಷದ ಸರ್ವಿಸ್ ಬಿಲ್, ಎಲ್ಲವೂ ಹೈದರಾಬಾದಿನದು. ಅಂಚಿನಲ್ಲಿ ಗೌಡರ ಕೈಬರಹ: "ಡೀಸೆಲ್ ಫಿಲ್ಟರ್ ಬದಲಿ." "ಸೇಡಂ ಕಡೆ ಓಡಾಟ ಹೆಚ್ಚು, ಏರ್ ಫಿಲ್ಟರ್ ಮೊದಲೇ ಹಾಕಿಸಿದೆ." ಸಿಮೆಂಟ್ ಕಾರ್ಖಾನೆಗಳ ಲಾರಿ, ಶಹಾಬಾದ್ ಫರ್ಸಿಕಲ್ಲಿನ ಪುಡಿ, ಎರಿ ಮಣ್ಣಿನ ಧೂಳು, ಇವುಗಳ ನಡುವೆ ಬದುಕುವವರಿಗೆ ಆ ಒಂದು ಸಾಲಿನ ಬೆಲೆ ಗೊತ್ತು. ಡೀಸೆಲ್ ಎಂಜಿನ್ ಉಸಿರಾಡುವುದು ಆ ಫಿಲ್ಟರ್ ಮೂಲಕವೇ, ಟರ್ಬೋ ಎಳೆದುಕೊಳ್ಳುವುದೂ ಅದರ ಹಿಂದಿನ ಗಾಳಿಯನ್ನೇ.

ಮಂಗಳವಾರ ಐದೂವರೆಗೆ ಹೋದೆವು. ಗೌಡರು ಕಟ್ಟೆಯ ಮೇಲೆ ಟವೆಲ್ ಹೊದ್ದು ಕೂತಿದ್ದರು.

"ಚಾವಿ ರಾತ್ರಿ ದೇವರ ಮನ್ಯಾಗ ಇಟ್ಟೀನಿ. ಮಗನಿಗೂ ಮುಟ್ಟಬ್ಯಾಡ ಅಂದೀನಿ," ಅಂದರು, ಅಂದು ತಾವೇ ಹೋಗಿ ತಂದರು.

ಸ್ಕ್ಯಾನರ್ 29 ತೋರಿಸಿತು. ಹೊರಗಿನ ಗಾಳಿಯೂ ಅಷ್ಟೇ ಇದ್ದೀತು. ಉಸ್ತಾದ್ ನನ್ನ ತಮ್ಮನನ್ನು ಹಿಂದೆ ಸೈಲೆನ್ಸರ್ ಹತ್ತಿರ ನಿಲ್ಲಿಸಿದರು, ತಾವು ಎಡಗಡೆ ಮಡ್‌ಗಾರ್ಡ್ ಪಕ್ಕ ಬಾಗಿದರು, ನನಗೆ ಸೆಲ್ಫ್ ಹೊಡೆಯಲು ಹೇಳಿದರು. ಒಂದೇ ಸಲಕ್ಕೆ ಎದ್ದಿತು. ಡೀಸೆಲ್ಲಿನ ಗಡಸು ಸಪ್ಪಳ ಇತ್ತು, ಆದರೆ ಮೊದಲ ಸುತ್ತಿನಿಂದಲೂ ಒಂದೇ ತೆರನಾಗಿ. ತಮ್ಮ ಹಿಂದಿನಿಂದ "ಹೊಗಿ ಇಲ್ಲಣ್ಣಾ" ಅಂದ. ಉಸ್ತಾದ್ ಆಯಿಲ್ ಹಾಕುವ ಮುಚ್ಚಳ ತಿರುವಿ ತೆಗೆದು ಬ್ಯಾಕ್ ಕಂಪ್ರೆಶನ್, ಅಂದರೆ ಸಿಲಿಂಡರಿನ ಹೊಗೆ ಸೋರಿ ಮೇಲೆ ಬರುತ್ತದೆಯೇ ಅಂತ ನೋಡಿದರು, ಆ ತೂತಿನ ಬಾಯಿಯ ಮೇಲೆ ಅಂಗೈ ಹಿಡಿದರು. ಹೊಗೆ ಉಕ್ಕಿ ಬರಲಿಲ್ಲ. ಸ್ಕ್ಯಾನರಿನಲ್ಲಿ ಆರೂ ಇಂಜೆಕ್ಟರಿಗೆ ಕಂಪ್ಯೂಟರ್ ಮಾಡಿಕೊಂಡ ತಿದ್ದುಪಡಿ ಅಂಕಿಗಳನ್ನು ತೆರೆದು ಒಂದೊಂದಾಗಿ ಓದಿದರು, ಯಾವುದೂ ಗುಂಪು ಬಿಟ್ಟು ಹೋಗಿರಲಿಲ್ಲ.

ಆಮೇಲೆ ಅರ್ಧ ತಾಸು ಗಾಡಿ ಓಡಲು ಬಿಟ್ಟು, ಬಂದ್ ಮಾಡಿಸಿ, ಚಾಪೆ ಹಾಸಿ ಕೆಳಗೆ ತೂರಿದರು. ವಿ6ನಲ್ಲಿ ನೋಡಬೇಕಾದ ಜಾಗ ಬೇರೆ. ಎರಡು ಸಾಲು ಸಿಲಿಂಡರುಗಳ ನಡುವಿನ ಕಣಿವೆಯಲ್ಲಿ ಆಯಿಲ್ ಕೂಲರ್ ಕೂತಿರುತ್ತದೆ. ಅದರ ರಬ್ಬರ್ ಸೀಲ್ ಬಿಸಿಯುಂಡು ಉಂಡು ವಯಸ್ಸಾದಂತೆ ಗಟ್ಟಿಯಾಗಬಹುದು. ಸೀಲಿನ ಬೆಲೆ ಏನೂ ಅಲ್ಲ, ಅಲ್ಲಿಯ ತನಕ ಕೈ ಹೋಗಬೇಕಾದರೆ ಟರ್ಬೋ, ಇನ್‌ಟೇಕ್ ಎಲ್ಲ ಬಿಚ್ಚಬೇಕು, ಕೂಲಿಯೇ ದೊಡ್ಡದು. ಸೋರಿದ ಆಯಿಲ್ ಎಂಜಿನ್ನಿನ ಬೆನ್ನಿನ ಮೇಲೆ ಇಳಿದು ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ ಒದ್ದೆ ಮಾಡುತ್ತದೆ. ಉಸ್ತಾದ್ ಕೆಳಗಿನ ಪ್ಲಾಸ್ಟಿಕ್ ಕವರಿನ ಬೋಲ್ಟ್ ಬಿಚ್ಚಿದರು, ಟಾರ್ಚ್ ಹಿಡಿದರು, ಉದ್ದನೆಯ ಸ್ಕ್ರೂ ಡ್ರೈವರಿಗೆ ಬಿಳಿ ಪಂಚೆಯ ತುಂಡು ಸುತ್ತಿ ಆ ಕೂಡಿಕೆಯ ಉದ್ದಕ್ಕೂ ಒರೆಸಿದರು. ಬಟ್ಟೆಯನ್ನು ಹೊರಗೆ ಚಾಚಿ ನನ್ನ ಕೈಗೆ ಕೊಟ್ಟರು. ಧೂಳು ಹತ್ತಿತ್ತು, ಒಣ ಧೂಳು. ಬೆರಳಲ್ಲಿ ತಿಕ್ಕಿ ನೋಡಿದೆ, ಜಿಡ್ಡು ಇರಲಿಲ್ಲ.

"ಇವತ್ತಿಗಿ ಒಣಾ ಅದಾರಿ. ನಾಳಿಂದು ಅಲ್ಲಾಗ ಗೊತ್ತು. ರೇಟಿನಾಗ ಆ ಕೂಲಿ ಹಿಡ್ಕೊಂಡು ಮಾತಾಡ್ರಿ," ಅಂದರು ಚಾಪೆಯಿಂದ ಏಳುತ್ತ.

ಹುಮನಾಬಾದ್ ರಸ್ತೆಯಲ್ಲಿ ಒಂದು ಸುತ್ತು ಹೊಡೆದೆವು. ಗೌಡರು ಪಕ್ಕದಲ್ಲಿ ಕೂತಿದ್ದರು. ಮುಂದೆ ಕಡಪಾ ಕಲ್ಲು ಹೇರಿದ ಟ್ರ್ಯಾಕ್ಟರ್, ಅದರ ಹಿಂದೆ ಒಂದು ಬಸ್. ಎದುರು ರಸ್ತೆ ಖಾಲಿ ಕಂಡಾಗ ಎಕ್ಸಲೇಟರ್ ಒತ್ತಿದೆ. ಗಾಡಿ ಗೇರ್ ಇಳಿಸಿಕೊಂಡು, ಎರಡನ್ನೂ ದಾಟಿ, ನಾನು ಉಸಿರು ಬಿಡುವುದರೊಳಗೆ ನಮ್ಮ ಬದಿಗೆ ಬಂದಿತ್ತು. 620 ನ್ಯೂಟನ್ ಮೀಟರ್ ಅನ್ನುವ ಅಂಕಿಗೆ ನಾನು ಅಲ್ಲಿಯ ತನಕ ಬೆಲೆ ಕೊಟ್ಟಿರಲಿಲ್ಲ. ಎದುರು ಬದಿಯಲ್ಲಿ ಇರುವ ಹೊತ್ತು ಕಡಿಮೆಯಾಗುತ್ತದೆ ಅಂದರೆ, ಹಿಂದಿನ ಸೀಟಿನಲ್ಲಿ ಅವ್ವನನ್ನು ಮಲಗಿಸಿಕೊಂಡು ಹೋಗುವವನಿಗೆ ಅದು ದೊಡ್ಡ ಮಾತು.

ಬೆಲೆಯ ಮಾತು ಗೌಡರ ಪಡಸಾಲೆಯಲ್ಲಿ ಮುಗಿಯಿತು. ಆಯಿಲ್ ಕೂಲರಿನ ಕೂಲಿ ಹಿಡಿದು ಕೇಳಿದೆ, ಅವರು ಅರ್ಧ ಬಿಟ್ಟರು. ಗಾಡಿ ಹೆಸರು ಬದಲಿಸುವ ಫಾರ್ಮ್ 29, 30ಕ್ಕೆ ಸಹಿ ಹಾಕುವಾಗ ಕನ್ನಡಕ ಹುಡುಕಿ, ಸಹಿಯನ್ನು ಎರಡು ಸಲ ನೋಡಿ, "ಫೈಲು ನಿನ್ನ ಹತ್ರಾನೇ ಇರ್ಲಿ, ಬರಿಯೋದು ಬಿಡಬ್ಯಾಡ" ಅಂದರು.

ಅವ್ವ ಈಗ ಐದು ಸಲ ಹೈದರಾಬಾದಿಗೆ ಹೋಗಿ ಬಂದಿದ್ದಾಳೆ. ಗಾಡಿ ಎತ್ತರ, ಹತ್ತಲು ಕಾಲು ಎಟುಕುವುದಿಲ್ಲ ಅಂತ ನಮ್ಮ ಬಡಿಗೇರ ಸಾಗವಾನಿಯ ಒಂದು ಮಣೆ ಮಾಡಿಕೊಟ್ಟಿದ್ದಾನೆ, ಅದು ಡಿಕ್ಕಿಯಲ್ಲೇ ಇರುತ್ತದೆ. ಹೋದ ಶುಕ್ರವಾರ ಉಸ್ತಾದ್ ಮತ್ತೆ ಕೆಳಗೆ ತೂರಿ ಅದೇ ಜಾಗ ಒರೆಸಿದರು. ಬಟ್ಟೆ ಒಣಗಿಯೇ ಬಂತು. ತಾರೀಖು, ಕಿಲೋಮೀಟರ್, ಅಷ್ಟನ್ನು ಗೌಡರ ಕೈಬರಹದ ಕೆಳಗೆ ಬರೆದು ಫೈಲು ಮುಚ್ಚಿದೆ.