ಎಕರೆಗೆ ಹೆಣ್ಣು ಗಂಡು ಇಲ್ಲ

ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಕೊಂಡು ಹೋಯಿತಲ್ಲ, 2024ರ ಆಗಸ್ಟ್‌ನಲ್ಲಿ, ಆಗ ನಾನು ಜರ್ಮನಿಯಿಂದ ರಜೆಗೆ ಊರಿಗೆ ಬಂದಿದ್ದೆ. ಸಿಂಧನೂರು ಕಡೆಯ ಹಳ್ಳಿ ನಮ್ಮದು. ಎಡದಂಡೆ ಕಾಲುವೆಯ ನೀರು ನಂಬಿಕೊಂಡವರು. ಚಹಾ ಅಂಗಡಿ, ಬಸ್ ಸ್ಟ್ಯಾಂಡ್, ಗುಡಿ ಕಟ್ಟೆ, ಎಲ್ಲಿ ಹೋದರೂ ಗೇಟಿನದೇ ಮಾತು. ನಮ್ಮ ದೊಡ್ಡವ್ವನಿಗೆ ಮಾತ್ರ ಕೂಲಿಯ ಚಿಂತೆ. ನೀರು ನಿಂತರೆ ನಾಟಿ ನಿಲ್ಲುತ್ತದೆ, ನಾಟಿ ನಿಂತರೆ ಒಲೆ.

ಬದುವಿನ ಮೇಲೆ ಕೂತು ಬುತ್ತಿ ಬಿಚ್ಚಿದಾಗ ಕೇಳಿದೆ, ಈ ವರ್ಷ ಕೂಲಿ ಎಷ್ಟು ಅಂತ.

"ಹೆಣ್ಣಾಳಿಗೆ ಮುನ್ನೂರು, ಗಂಡಾಳಿಗೆ ಐನೂರು."

ರೊಟ್ಟಿ ಮುರಿಯುತ್ತಾ, ಸಿಂಧನೂರಿನ ಬಸ್ ಚಾರ್ಜ್ ಹೇಳಿದ ಹಾಗೆ ಹೇಳಿದಳು. ಹೆಣ್ಣಾಳು, ಗಂಡಾಳು ಅನ್ನೋ ಮಾತು ಕೇಳುತ್ತಲೇ ಬೆಳೆದವಳು ನಾನು. ಅವತ್ತು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. ಯಾಕೆ ಕಡಿಮೆ ಅಂದರೆ ಹೊಲದ ಯಜಮಾನರು ಹೇಳೋದು ಒಂದೇ, "ಹೆಣ್ಣುಮಕ್ಕಳದು ಹಗುರ ಕೆಲಸ." ಸಸಿಯ ಕಟ್ಟು ಹೊತ್ತು ತಂದು ಗದ್ದೆಗೆ ಎಸೆಯುವುದು ಭಾರದ ಕೆಲಸವಂತೆ. ಮೊಣಕಾಲಿನ ತನಕ ಕೆಸರಲ್ಲಿ, ಬೆಳಗಿನಿಂದ ಸಂಜೆವರೆಗೆ ಸೊಂಟ ಬಗ್ಗಿಸಿ ಹಚ್ಚುವುದು ಹಗುರವಂತೆ. ನಾನು ಒಂದು ತಾಸು ಬಗ್ಗಿದ್ದಕ್ಕೇ ಎರಡು ದಿನ ನೆಟ್ಟಗೆ ನಡೆಯಲಿಲ್ಲ. ಎಲ್ಲರೂ ನಕ್ಕರು, ನಗಲಿ ಬಿಡಿ.

"ಖಾತ್ರಿ ಕೆಲಸದಾಗ ಹಂಗಿಲ್ಲ ನೋಡವ್ವ," ಅಂದಳು ದೊಡ್ಡವ್ವ. "ನಂಗೂ ಮುನ್ನೂರ ನಲವತ್ತೊಂಬತ್ತು, ನಿಮ್ಮ ದೊಡ್ಡಪ್ಪಗೂ ಅಷ್ಟೇ." ಆ ವರ್ಷ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ಅದೇ, 349 ರೂಪಾಯಿ. ಗಂಡು ಹೆಣ್ಣು ಇಬ್ಬರಿಗೂ ಒಂದೇ. ಸಮಾನ ವೇತನದ ಕಾಯ್ದೆ ನಮ್ಮ ದೇಶದಲ್ಲಿ 1976ರಲ್ಲೇ ಬಂದಿದೆ. ನಮ್ಮ ಗದ್ದೆಯ ತನಕ ಬರಲು ಅದಕ್ಕೆ ಬಸ್ ಸಿಕ್ಕಿಲ್ಲ ಅಷ್ಟೇ.

ಆಮೇಲೆ ಅವಳೇ ಅಂದಳು, "ನಿಮ್ಮ ಜರ್ಮನ್ಯಾಗ ಇವೆಲ್ಲ ಇರಂಗಿಲ್ಲ ಬಿಡು."

ಹೇಳಬೇಕೋ ಬೇಡವೋ ಅನಿಸಿತು. ಊರಿಗೆ ಬಂದಾಗ ಹೊರದೇಶದ ಒಳ್ಳೇ ಸುದ್ದಿಯನ್ನೇ ಹೇಳೋದು ನಮ್ಮ ರೂಢಿ, ಅಲ್ವಾ? ಆದರೂ ಹೇಳಿದೆ.

ನಾನಿರೋದು ಸ್ಟುಟ್‌ಗಾರ್ಟ್ ಹತ್ತಿರದ ಒಂದು ಊರಿನಲ್ಲಿ. ಯಂತ್ರದ ಬಿಡಿಭಾಗ ಮಾಡುವ ಕಂಪನಿ, ನಾನು ಗುಣಮಟ್ಟ ತಪಾಸಣೆ ವಿಭಾಗದ ಎಂಜಿನಿಯರ್. 2018ರಲ್ಲಿ ಸೇರುವಾಗ ಅವರು ಒಂದು ಸಂಬಳ ಹೇಳಿದರು. ಐದೇ ನಿಮಿಷದಲ್ಲಿ ಹೂಂ ಅಂದೆ. ಸಂತೆಯಲ್ಲಿ ಮೆಂತ್ಯೆ ಕಟ್ಟಿಗೆ ಎರಡು ರೂಪಾಯಿ ಇಳಿಸೋಕೆ ಕಾಲು ತಾಸು ನಿಲ್ಲುವ ಮನೆತನದವಳು ನಾನು! ಆದರೆ ನನ್ನ ವೀಸಾ ಆ ಕೆಲಸದ ಮೇಲೇ ನಿಂತಿತ್ತು. ಸಿಕ್ಕಿದ್ದೇ ಪುಣ್ಯ ಅಂದುಕೊಂಡೆ.

ಅಲ್ಲಿ ಯಾರೂ ತಮ್ಮ ಸಂಬಳ ಬಾಯಿಬಿಟ್ಟು ಹೇಳೋದಿಲ್ಲ. ಊಟದ ಮೇಜಿನಲ್ಲಿ ಮೂಲವ್ಯಾಧಿಯ ಆಪರೇಷನ್ ಬಗ್ಗೆ ಬೇಕಾದರೆ ಮಾತಾಡುತ್ತಾರೆ, ಸಂಬಳದ ಬಗ್ಗೆ ಇಲ್ಲ. ನಮ್ಮ ಬದುವಿನಲ್ಲಿ ಅನ್ಯಾಯ ಮುಖದ ಮೇಲೇ ಹೇಳುತ್ತಾರೆ, ಮುನ್ನೂರು, ಐನೂರು ಅಂತ. ಅಲ್ಲಿ ಅದು ಮುಚ್ಚಿದ ಲಕೋಟೆಯಲ್ಲಿರುತ್ತದೆ. ಪಕ್ಕದ ಕುರ್ಚಿಯವನು ನಿಮಗಿಂತ ಎಷ್ಟು ಜಾಸ್ತಿ ತಗೋತಾನೆ ಅಂತ ಹತ್ತು ವರ್ಷವಾದರೂ ತಿಳಿಯೋದಿಲ್ಲ.

ಆ ಲಕೋಟೆ ತೆರೆಸೋಕೆ ಒಂದು ಕಾನೂನಿದೆ. 2017ರದ್ದು. 200ಕ್ಕಿಂತ ಜಾಸ್ತಿ ಜನ ಇರುವ ಕಂಪನಿಯಾದರೆ, ನನ್ನಂಥದ್ದೇ ಕೆಲಸ ಮಾಡುವ ಗಂಡಸರಿಗೆ ಎಷ್ಟು ಕೊಡುತ್ತೀರಿ ಅಂತ ನಾನು ಬರೆದು ಕೇಳಬಹುದು. ಅಂಥವರು ಕನಿಷ್ಠ ಆರು ಜನ ಇರಬೇಕು. ಒಬ್ಬೊಬ್ಬರ ಸಂಬಳ ಹೇಳೋದಿಲ್ಲ. ಎಲ್ಲರನ್ನೂ ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವ ಸಂಬಳ ಹೇಳುತ್ತಾರೆ. ನನಗೆ ಇದನ್ನು ಹೇಳಿಕೊಟ್ಟದ್ದು ನೌಕರರ ಮಂಡಳಿಯಲ್ಲಿದ್ದ ಒಬ್ಬ ಟರ್ಕಿ ಮೂಲದ ಹೆಂಗಸು. ನಾನು ಆ ಅರ್ಜಿ ಹಾಕಲು ಎಂಟು ತಿಂಗಳು ಯೋಚನೆ ಮಾಡಿದೆ. ಕೇಳಿದರೆ ಕೆಟ್ಟವಳಾಗ್ತೀನಿ ಅನ್ನೋ ಭಯ.

2022ರಲ್ಲಿ ಉತ್ತರ ಬಂತು. ತಿಂಗಳಿಗೆ 420 ಯೂರೋ ವ್ಯತ್ಯಾಸ.

ನಮ್ಮ ಮ್ಯಾನೇಜರ್ ಕೆಟ್ಟ ಮನುಷ್ಯ ಅಲ್ಲ. ಮಗನಿಗೆ ಜ್ವರ ಬಂದರೆ ಮನೆಗೆ ಹೋಗು ಅಂತ ಮೊದಲು ಹೇಳುವವನೇ ಅವನು. ಕಾಗದ ಮುಂದಿಟ್ಟಾಗ ಅಷ್ಟೇ ಸಮಾಧಾನದಿಂದ ಹೇಳಿದ, "ಅವರು ಸೇರುವಾಗ ಚೌಕಾಸಿ ಮಾಡಿದರು, ನೀವು ಮಾಡಲಿಲ್ಲ." ಅದು ನಿಜವೇ ಆಗಿತ್ತು. ಹಾಗಾಗಿ ನಾಚಿಕೊಂಡು ಹೊರಗೆ ಬಂದೆ, ತಪ್ಪು ನನ್ನದೇ ಅನ್ನೋ ಹಾಗೆ.

ಇಲ್ಲಿ ಸ್ವಲ್ಪ ಹಿಂದಿನದು ಹೇಳಬೇಕು, ಯಾಕಂದರೆ ಆಮೇಲೆ ಓದಿದಾಗ ನನಗೆ ನಗು ಬಂತು. ಪಶ್ಚಿಮ ಜರ್ಮನಿಯಲ್ಲೂ ಹೆಣ್ಣಾಳು ಕೂಲಿ ಅಂತಲೇ ಇತ್ತು. ಅದೇ ಕೆಲಸಕ್ಕೆ ಹೆಂಗಸರಿಗೆ ಇಷ್ಟು ಕಡಿತ ಅಂತ ಒಪ್ಪಂದದಲ್ಲೇ ಬರೆಯುತ್ತಿದ್ದರು. 1955ರಲ್ಲಿ ಅಲ್ಲಿನ ಕಾರ್ಮಿಕ ನ್ಯಾಯಾಲಯ ಅದು ನಡೆಯೋದಿಲ್ಲ ಅಂದಿತು. ಮಾಲೀಕರು ಏನು ಮಾಡಿದರು ಗೊತ್ತೇ? ಹೆಸರು ಬದಲಿಸಿದರು. "ಹಗುರ ಕೂಲಿಯ ಗುಂಪು" ಅಂತ ಹೊಸದೊಂದು ದರ್ಜೆ ಮಾಡಿ ಹೆಂಗಸರನ್ನೆಲ್ಲ ಅದರೊಳಗೆ ಕೂರಿಸಿದರು. ಹಗುರ ಕೆಲಸ! ಸಿಂಧನೂರಿನ ಯಜಮಾನರಿಗೂ ಅವರಿಗೂ ಯಾವ ಕಾಲದ ಬೀಗಸ್ತನವೋ. 1973ರ ಆಗಸ್ಟ್‌ನಲ್ಲಿ ನಾಯ್ಸ್ ಅನ್ನೋ ಊರಿನ ಕಾರ್ಬುರೇಟರ್ ಕಾರ್ಖಾನೆಯಲ್ಲಿ ಗ್ರೀಸ್, ಟರ್ಕಿ, ಸ್ಪೇನ್‌ನಿಂದ ದುಡಿಯಲು ಬಂದಿದ್ದ ಹೆಂಗಸರು ಕೆಲಸ ನಿಲ್ಲಿಸಿ, ಆ ಗುಂಪನ್ನು ತೆಗೆಸಿಯೇ ಒಳಗೆ ಹೋದರು. ಆಗಿನ್ನೂ ಮದುವೆಯಾದ ಹೆಂಗಸು ಮನೆ ಸಂಸಾರಕ್ಕೆ ತೊಂದರೆ ಆಗದಿದ್ದರೆ ಮಾತ್ರ ಹೊರಗೆ ದುಡಿಯಬಹುದು ಅಂತ ಕಾನೂನಿನಲ್ಲೇ ಇತ್ತು. ಅದು ಹೋಗಿದ್ದು 1977ರಲ್ಲಿ.

ಈಗಲೂ, 2024ರ ಸರ್ಕಾರಿ ಲೆಕ್ಕದಲ್ಲೇ, ಹೆಂಗಸರ ತಾಸಿನ ಗಳಿಕೆ ಗಂಡಸರದಕ್ಕಿಂತ ಸರಾಸರಿ ಶೇ 16ರಷ್ಟು ಕಡಿಮೆ. ದುಡಿಯುವ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧ ಜನ ಅರೆಕಾಲಿಕ, ಅದೂ ಒಂದು ಕಾರಣ. ಅಂಥದ್ದನ್ನೆಲ್ಲ ಕಳೆದು, ಅದೇ ಓದು, ಅದೇ ಕೆಲಸ ಅಂತ ಹೋಲಿಸಿದರೂ ಶೇ 6 ಉಳಿಯುತ್ತದೆ.

ನನ್ನ ಕಥೆಗೆ ಬರೋಣ. 2023ರ ಫೆಬ್ರವರಿ 16ರಂದು ಅದೇ ಕಾರ್ಮಿಕ ನ್ಯಾಯಾಲಯ ಒಂದು ತೀರ್ಪು ಕೊಟ್ಟಿತು. ಪೂರ್ವದ ಸ್ಯಾಕ್ಸನಿ ರಾಜ್ಯದ ಒಂದು ಕಂಪನಿ. ಒಬ್ಬ ಹೆಂಗಸು, ಒಬ್ಬ ಗಂಡಸು, ಒಂದೇ ಕೆಲಸ. ಇಬ್ಬರಿಗೂ ಮೊದಲು ಹೇಳಿದ್ದು 3,500 ಯೂರೋ. ಅವಳು ಒಪ್ಪಿದಳು. ಅವನು 4,500 ಬೇಕು ಅಂದ, ಕೊಟ್ಟರು. ಗಂಡಸು ಚೆನ್ನಾಗಿ ಚೌಕಾಸಿ ಮಾಡಿದ ಅನ್ನೋದು ಹೆಂಗಸಿಗೆ ಕಡಿಮೆ ಕೊಡೋಕೆ ಕಾರಣವಾಗಲ್ಲ ಅಂತ ನ್ಯಾಯಾಲಯ ಹೇಳಿತು. ಹಿಂದಿನ ಬಾಕಿಯ ಜೊತೆಗೆ 2,000 ಯೂರೋ ಪರಿಹಾರವನ್ನೂ ಕೊಡಿಸಿತು.

ಸುದ್ದಿ ಓದಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ವಾರ ಬಿಟ್ಟು ಅದರ ಪ್ರತಿ ಹಿಡಿದು ಮತ್ತೆ ಅದೇ ಮ್ಯಾನೇಜರ್ ಮುಂದೆ ಕೂತೆ. ಈ ಸಲ ಅವನು ಚೌಕಾಸಿಯ ಮಾತೆತ್ತಲಿಲ್ಲ. ಮುಂದಿನ ಜನವರಿಯಿಂದ ನನ್ನ ಸಂಬಳ ಸರಿಯಾಯಿತು. ಇನ್ನೊಂದು ಹೊಸ ನಿಯಮವನ್ನೂ ಯೂರೋಪಿಯನ್ ಒಕ್ಕೂಟ ಮಾಡಿದೆ, ಎಲ್ಲ ಸದಸ್ಯ ದೇಶಗಳೂ ಅದನ್ನು ತಮ್ಮ ಕಾನೂನಿಗೆ ಸೇರಿಸೋಕೆ ಕೊಟ್ಟ ಗಡುವು 2026ರ ಜೂನ್ 7. ಹೊಸಬರಿಗೆ ಸಂಬಳ ಎಷ್ಟರಿಂದ ಎಷ್ಟು ಅಂತ ಮೊದಲೇ ಹೇಳಬೇಕು, ಹಿಂದಿನ ಕೆಲಸದ ಸಂಬಳ ಕೇಳಬಾರದು.

ಇದನ್ನೆಲ್ಲ ದೊಡ್ಡವ್ವನಿಗೆ ನಮ್ಮ ಮಾತಿನಲ್ಲಿ ಹೇಳಿದೆ. ರೊಟ್ಟಿ ಕೈಯಲ್ಲೇ ಹಿಡಿದು ಕೇಳಿದಳು. ಸುತ್ತ ಕೂತಿದ್ದ ಹೆಣ್ಣುಮಕ್ಕಳೂ ಕೇಳಿದರು. ಒಬ್ಬಾಕೆ, "ಅದಕ ನಾವು ದಿನಗೂಲಿಗೆ ಒಲ್ಲಿ ಅಂತೀವಿ. ಹತ್ತು ಮಂದಿ ಕೂಡಿ ಎಕರೆಗೆ ಇಷ್ಟು ಅಂತ ಗುತ್ತಿಗಿ ಹಿಡಿತೀವಿ. ಎಕರೆಗೆ ಹೆಣ್ಣು ಗಂಡು ಇಲ್ಲ ನೋಡವ್ವ," ಅಂದಳು. ಈ ಯೋಚನೆ ನನಗೆ ಓದಿದ ಯಾವ ಕಾನೂನಿನಲ್ಲೂ ಸಿಕ್ಕಿರಲಿಲ್ಲ.

ದೊಡ್ಡವ್ವ ಮಾತ್ರ ಇನ್ನೂ ಲೆಕ್ಕ ಹಾಕುತ್ತಿದ್ದಳು.

"ಹಿಂದಿಂದು ಕೊಟ್ರ?"

"ಏನು?"

"ಐದಾರು ವರ್ಷ ಕಡಿಮಿ ಕೊಟ್ರಲ್ಲ. ಆ ಬಾಕಿ."

"ಇಲ್ಲ ದೊಡ್ಡವ್ವ. ಕೋರ್ಟಿಗೆ ಹೋಗಬೇಕಾಗಿತ್ತು. ನಾನು ಹೋಗಲಿಲ್ಲ."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. "ಇಷ್ಟು ಓದಿ ಸುಮ್ನ ಬಂದ್ಯಾ?" ಅಂತ ಅಂದು ಗದ್ದೆಗೆ ಇಳಿದಳು.